ಬಾರ್ಬರಾಳ ಹೊಟ್ಟೆಯಲ್ಲಿ ಸಲೋಮೆ

ದ್ರಾಕ್ಷಿ ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಫ್ರಿಡೊಲಿನ್ ಓಸ್ಟರ್‌ಟಾಗ್‌ನ ಹೊಟ್ಟೆ ಅವನೊಬ್ಬನ ಸ್ವತ್ತಾಗಿ ಉಳಿಯುತ್ತಿರಲಿಲ್ಲ. ಕಾಟ್ಸೆನ್‌ವೀರ್ ಊರಿಗೆಲ್ಲ ಸೇರಿಬಿಡುತ್ತಿತ್ತು. ಪಡಖಾನೆಯಲ್ಲಿ ಅವನು ಅರ್ಧ ಸಾಸೇಜ್ ತಿಂದು, ತಟ್ಟೆ ಸರಿಸಿ, "ಸಾಕಪ್ಪಾ, ಬಾರ್ಬರಾ ಕಾಯ್ತಾ ಇದ್ದಾಳೆ," ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಆಮೇಲೆ ಹೊಟ್ಟೆಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಮೇಲಂತಸ್ತುಗಳು ಒಂದರ ಕಿವಿಗೊಂದು ಬಾಗಿ ನಿಂತ ಗಲ್ಲಿಯಲ್ಲಿ ನೆಟ್ಟಗೆ ನಡೆದು ಹೋಗುತ್ತಿದ್ದ. ಕೋಟೆ ಬಾಗಿಲಿನ ತಿರುವು ದಾಟಿದ ಮೇಲೆಯೇ ಉಸಿರು ಬಿಡುತ್ತಿದ್ದುದು. ಉಳಿದ ಅರ್ಧ ಸಾಸೇಜಿನ ಲೆಕ್ಕ ತುಂಬಲು ಮನೆಯಲ್ಲಿ ಅವನ ಹೆಂಡತಿ ಸಲೋಮೆ ಇನ್ನೂ ಮೂರನ್ನು ಹುಳಿ ಎಲೆಕೋಸಿನ ಜೊತೆ ಬೇಯಿಸಿ ಇಟ್ಟಿರುತ್ತಿದ್ದಳು.

ಬಾರ್ಬರಾ ಎಂದರೆ ಅವರ ನೆಲಮಾಳಿಗೆಯ ಪೀಪಾಯಿ. ಅಜ್ಜನ ಅಜ್ಜನ ಕಾಲದಲ್ಲಿ ಬಡಗಿಗಳು ನೆಲಮಾಳಿಗೆಯೊಳಗೇ ಕೂತು ಕಟ್ಟಿದ್ದು. ಒಬ್ಬ ಆಳು ಒಳಗೆ ನಿಂತು ಟೋಪಿ ಹಾಕಿಕೊಳ್ಳಬಹುದು, ಅಷ್ಟು ದೊಡ್ಡದು. ಮುಂಭಾಗದಲ್ಲಿ ಸಂತ ಬಾರ್ಬರಾಳ ಮುಖ ಕೆತ್ತಿದ್ದಾರೆ. ಹೋಗಿ ಬರುವವರೆಲ್ಲ ಪ್ರೀತಿಯಿಂದ ಸವರಿ ಸವರಿ ಪಾಪ, ಅವಳ ಮೂಗು ಸವೆದುಹೋಗಿದೆ. ಆ ಮುಖದ ಕೆಳಗೆ ಒಂದು ಪುಟ್ಟ ಬಾಗಿಲು. ಅದರ ಅಗಲ ಎಷ್ಟೆಂದರೆ ಬೇಕರಿಯವಳ ದೊಡ್ಡ ಬ್ರೆಡ್ಡು ಅಡ್ಡಡ್ಡ ಹೋಗುವುದಿಲ್ಲ.

ಕೊಯ್ಲಿಗೆ ಮುಂಚಿನ ಭಾನುವಾರ ಪ್ರತಿ ಮನೆಯ ಯಜಮಾನನೂ ತನ್ನ ಹಳೆಯ ಪೀಪಾಯಿಯೊಳಗೆ ಆ ಬಾಗಿಲಿಂದ ನುಗ್ಗಬೇಕು. ವರ್ಷವಿಡೀ ಮರದ ಒಳಮೈಗೆ ಹರಳುಗಟ್ಟಿ ಅಂಟಿಕೊಂಡ ವೈನ್‌ಕಲ್ಲನ್ನು ಕೆರೆದು ತೆಗೆಯಬೇಕು. ಕೆರೆದಾದ ಮೇಲೆ ಒಳಗಿಂದಲೇ ಪೀಪಾಯಿ ಹಾಡು ಹಾಡಬೇಕು. ಅದು ನೆಲಮಾಳಿಗೆಯ ಗವಾಕ್ಷಿಯಿಂದ ಮೇಲೇರಿ, ಅಂಗಳದಲ್ಲಿ ಲೋಟ ಹಿಡಿದು ನಿಂತ ನೆರೆಹೊರೆಯವರಿಗೆ ಕೇಳಬೇಕು. ಆಮೇಲೆ ಯಜಮಾನ ಒಂದು ಮುಷ್ಟಿ ವೈನ್‌ಕಲ್ಲು ಹಿಡಿದು ಮೇಲೆ ಬಂದು ತೋರಿಸಿದರೆ ಮುಗಿಯಿತು, ಬರುವ ವರ್ಷದವರೆಗೆ ನೆಲಮಾಳಿಗೆಯ ಕೀಲಿಕೈ ಅವನದು. ಯಾವ ಇಳಿಜಾರಿನ ದ್ರಾಕ್ಷಿ ಯಾವತ್ತು ಕುಯ್ಯಬೇಕು, ಯಾವುದನ್ನು ಯಾವ ಪೀಪಾಯಿಗೆ ಸುರಿಯಬೇಕು, ಎಲ್ಲಾ ಕೀಲಿಕೈ ಇದ್ದವನ ಮಾತು. ಬಾಗಿಲಲ್ಲಿ ಹಿಡಿಸದವನು ಹಿಡಿಸುವವರಿಗೆ ಕೀಲಿಕೈ ಕೊಟ್ಟು, ಒಲೆಯ ಪಕ್ಕದ ಬೆಂಚಿನ ಮೇಲೆ ಕೂತು ಬೇರೆಯವರ ವೈನಿಗೆ ಹೆಸರಿಡಬೇಕು.

ಫ್ರಿಡೊಲಿನ್ ಹನ್ನೊಂದು ವರ್ಷದಿಂದ ಆ ಬಾಗಿಲಲ್ಲಿ ಹಿಡಿಸಿರಲಿಲ್ಲ.

ಆ ಮೊದಲ ವರ್ಷ ಅವನು ಸೊಂಟದವರೆಗೆ ಒಳಗೆ ಹೋಗಿ ಸಿಕ್ಕಿಕೊಂಡಿದ್ದ. ಅಡುಗೆಮನೆಯ ಒಳಮೆಟ್ಟಿಲಿಂದ ಇಳಿದು ಬಂದ ಸಲೋಮೆಗೆ ಕಂಡದ್ದು ಸಂತ ಬಾರ್ಬರಾಳ ಗಲ್ಲದ ಕೆಳಗಿಂದ ಹೊರಚಾಚಿ ಒದೆಯುತ್ತಿದ್ದ ಎರಡು ಕಾಲುಗಳು. ಹೇಗೋ ಎಳೆದು ತೆಗೆದಳು. ಅವನು ಬಕೆಟ್ಟಿನ ಮೇಲೆ ಕೂತು, ಮೇಲೆ ಜನ ಕಾಯುತ್ತಿದ್ದಾರೆಂದು ಅಳುವಂತಾದಾಗ, ಅವಳು ಮೇಲುಡುಪು ಕಳಚಿ, ಒಳಲಂಗದಲ್ಲಿ, ಒಂದು ತೋಳು ಮೊದಲು, ಆಮೇಲೆ ತಲೆ, ಆಮೇಲೆ ಇನ್ನೊಂದು ತೋಳು ತೂರಿಸಿ, ಮೀನಿನ ಹಾಗೆ ಒಳಗೆ ಹೋಗಿಬಿಟ್ಟಳು. ಕೆರೆದಳು, ತೊಳೆದಳು, ಹಾಡಿಯೂ ಬಿಟ್ಟಳು. ಪೀಪಾಯಿಯೊಳಗೆ ಯಾರು ಹಾಡಿದರೂ ದನಿ ಗುಂಯ್ ಎಂದು ದಪ್ಪವಾಗಿ ಕೇಳುತ್ತದೆ. ಯಾರಿಗೂ ಹೇಳಬೇಡ ಎಂದು ಅವನು ಬೇಡಿಕೊಂಡ. ಅವಳು ಹೇಳಲಿಲ್ಲ.

ಅಂದಿನಿಂದ ಅದೇ ಏರ್ಪಾಡು. ಆ ಭಾನುವಾರ ಸಲೋಮೆ ಓವನ್‌ನಲ್ಲಿ ಈರುಳ್ಳಿ ಟಾರ್ಟ್ ಇದೆ, ನೋಡಿಕೊಳ್ಳಬೇಕು ಎಂದು ಅತಿಥಿಗಳನ್ನು ಬಿಟ್ಟು ಒಳಗೆ ಹೋಗುತ್ತಿದ್ದಳು. ಫ್ರಿಡೊಲಿನ್ ಎಲ್ಲರೆದುರು ಅಂಗಿಯ ತೋಳು ಮಡಚಿ, ಅಂಗಳದ ಬಾಗಿಲ ಬೀಗ ತೆಗೆದು ಇಳಿಯುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವನು ಗಡ್ಡ ಒದ್ದೆ ಮಾಡಿಕೊಂಡು ಕಲ್ಲು ಹಿಡಿದು ಬರುತ್ತಿದ್ದ; ಅವಳು ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು ಟಾರ್ಟ್ ಹಿಡಿದು ಬರುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಕೆಲಸ ಇಷ್ಟವಾಗಿತ್ತು. ಒಂದು ಮೋಂಬತ್ತಿ, ಸುತ್ತ ಓಕ್ ಮರದ ಘಮ, ಕಲ್ಲಿನ ಹರಳುಗಳು ದೀಪಕ್ಕೆ ಮಿನುಗುವುದು. ಆ ಮನೆಯಲ್ಲಿ ಯಾರೂ ಅವಳನ್ನು ಕೂಗದ ಜಾಗ ಅದೊಂದೇ ಆಗಿತ್ತು.

ಫ್ರಿಡೊಲಿನ್ ಸುಮ್ಮನಿದ್ದಿದ್ದರೆ ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಗುಟ್ಟು ಮುಚ್ಚಿಡಬೇಕಾದವನು ಅದರ ಸುತ್ತಲೇ ಡಂಗುರ ಹೊಡೆಯುತ್ತಾನಲ್ಲ, ಹಾಗೆ ಇವನು ಪಡಖಾನೆಯಲ್ಲಿ ಎರಡನೇ ಲೋಟಕ್ಕೆಲ್ಲ ಒಂದೇ ಪಾಠ ಶುರುಮಾಡುತ್ತಿದ್ದ: ಪೀಪಾಯಿಯೊಳಗೆ ಹೆಂಗಸು ಕಾಲಿಟ್ಟರೆ ವೈನ್ ಹುಳಿ ಹಿಡಿಯುತ್ತದೆ, ತನ್ನ ಅಪ್ಪನೂ ಹೇಳುತ್ತಿದ್ದ, ಅವನಪ್ಪನೂ ಹೇಳುತ್ತಿದ್ದ. ಎದುರುಮನೆಯ ಮೊರಾಂದ್, ಅವನೂ ವೈನ್ ಮಾಡುವವನೇ, ಈ ಮಾತಿಗೆ ತುಂಬ ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ನಿನ್ನ ಈಚಿನ ವೈನ್ ಇಷ್ಟು ಚೆನ್ನಾಗಿರುವುದಕ್ಕೆ ಅದೇ ಕಾರಣವಿರಬೇಕು ಎನ್ನುತ್ತಿದ್ದ. ಫ್ರಿಡೊಲಿನ್ ಅದನ್ನು ಹೊಗಳಿಕೆ ಎಂದು ತಿಳಿದು ಅವನ ಲೋಟವನ್ನೂ ತುಂಬಿಸುತ್ತಿದ್ದ. ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೂ ಹೇಳುತ್ತಿದ್ದ, ಅವಳಿಗೆ ಏನೂ ಗೊತ್ತಿಲ್ಲವೆಂಬ ಹಾಗೆ. ಸಲೋಮೆ ಬಹಳ ವರ್ಷ ಒಳಗೊಳಗೇ ನಕ್ಕಳು.

ಈ ವರ್ಷ ನಗು ಬರಲಿಲ್ಲ. ಕಾರಣ ಮಗಳು ಮಾರ್ಲೀಸ್.

ಮಾರ್ಲೀಸ್ ಪಟ್ಟಣದ ದ್ರಾಕ್ಷಿ ಶಾಲೆಯಲ್ಲಿ ಕಲಿತು ಬಂದು, ಎಷ್ಟೋ ಕೊಯ್ಲು ಅಪ್ಪನ ಪಕ್ಕದಲ್ಲೇ ದುಡಿದವಳು. ಅಪ್ಪನ ಎತ್ತರ, ಅಪ್ಪನ ಭುಜ. ತುಂಬಿದ ದ್ರಾಕ್ಷಿ ಬುಟ್ಟಿಯನ್ನು ಬೆನ್ನಿಗೇರಿಸಿಕೊಂಡು ಇಳಿಜಾರು ಹತ್ತಿದರೆ ಗಂಡಸರು ದಾರಿ ಬಿಡುತ್ತಿದ್ದರು. ಒಂದು ದಿನ ಊಟದ ಹೊತ್ತಿಗೆ ಅವಳು, ಈ ಸಲದ ರೀಸ್ಲಿಂಗ್ ದ್ರಾಕ್ಷಿಯನ್ನು ಇನ್ನೊಂದು ವಾರ ಬಳ್ಳಿಯಲ್ಲೇ ಬಿಡೋಣ, ಆಗ ಸಕ್ಕರೆ ಬೆರೆಸಬೇಕಾಗುವುದಿಲ್ಲ, ಅದೊಂದು ಪೀಪಾಯಿ ತನಗೆ ಬಿಡಲಿ ಎಂದು ಕೇಳಿದಳು. ಫ್ರಿಡೊಲಿನ್ ಚಮಚ ಕೆಳಗಿಟ್ಟ.

"ಯಾವತ್ತು ಕುಯ್ಯಬೇಕು ಅಂತ ಹೇಳೋದು ಕೀಲಿಕೈ ಇರೋರು. ಪೀಪಾಯಿಯೊಳಗೆ ಯಾರು ಇಳೀತಾರೋ ಅವರ ಹತ್ರ ಕೀಲಿಕೈ. ಇದು ನಾನು ಮಾಡಿದ್ದಲ್ಲ, ಊರು ಮಾಡಿದ್ದು."

"ಇಳಿಯೋರಿಗೇ ಕೀಲಿಕೈ ಅಂತೀಯಾ, ಅಪ್ಪ?"

"ಅಂತೀನಿ."

"ಸರಿ. ಈ ಮಾತು ನೆನಪಿಟ್ಕೋ," ಎಂದು ಮಾರ್ಲೀಸ್ ತಟ್ಟೆ ನೋಡಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದಳು. ಮೊರಾಂದ್ ತನ್ನ ನೆಲಮಾಳಿಗೆ ನೋಡಿಕೊಳ್ಳಲು ಅವಳನ್ನು ಕರೆದಿದ್ದಾನೆ. ಕೊಯ್ಲು ಮುಗಿದ ಮೇಲೆ ಬರುವ ಸಂತ ಮಾರ್ಟಿನ್ ಹಬ್ಬದೊಳಗೆ ಇಲ್ಲಿ ಏನೂ ಬದಲಾಗದಿದ್ದರೆ ಅವಳು ಎದುರುಮನೆಗೆ ಹೋಗುತ್ತಾಳೆ.

ಫ್ರಿಡೊಲಿನ್ ಅದನ್ನು ಬೆದರಿಕೆ ಎಂದುಕೊಂಡು ಸೂಪು ಮುಗಿಸಿದ. ಸಲೋಮೆಗೆ ಮಗಳ ದನಿ ಗೊತ್ತಿತ್ತು. ಹುಡುಗಿ ಹೋಗಿಯೇ ಹೋಗುತ್ತಾಳೆ. ಗಲ್ಲಿಯ ಆಚೆ ದಡ, ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ದೂರ. ಆದರೆ ಅಲ್ಲಿಂದ ಮಗಳು ಬೇರೆಯವರ ಪೀಪಾಯಿ ತಟ್ಟುವ ಸದ್ದು ದಿನಾ ಕೇಳಿಸಿಕೊಂಡಿರುವುದು ಅವಳಿಂದ ಆಗದ ಮಾತು. ಆ ರಾತ್ರಿ ಗಂಡನಿಗೆ ನಯವಾಗಿ ಹೇಳಿ ನೋಡಿದಳು. ಅವನು ಗೋಡೆ ಕಡೆ ತಿರುಗಿ ಮಲಗಿ, ಹೆಂಗಸು ಕಾಲಿಟ್ಟರೆ ಎಂದು ಅದೇ ಪಾಠ ಶುರುಮಾಡಿದ. ತಾನು ಯಾರ ಎದುರು ಹೇಳುತ್ತಿದ್ದೇನೆ ಎಂಬುದು ಅವನಿಗೆ ನಿಜಕ್ಕೂ ಮರೆತೇ ಹೋಗಿತ್ತು. ಸಲೋಮೆಗೆ ಮೈ ಉರಿಯಿತು.

ಭಾನುವಾರ ಬಂತು. ಚರ್ಚ್ ಮುಗಿಸಿ ಜನ ಅಂಗಳ ತುಂಬಿದರು. ಚಾವಣಿಯ ಮೇಲಿನ ಕೊಕ್ಕರೆ ಗೂಡು ಖಾಲಿಯಾಗಿತ್ತು. ಬೇಕರಿಯ ವಾಲ್ಬುರ್ಗಾ, ಚರ್ಚಿನಲ್ಲಿ ಹಾಡು ಹೇಳಿಕೊಡುವವಳು, ಗವಾಕ್ಷಿಯ ಪಕ್ಕದ ಕಲ್ಲುಬೆಂಚನ್ನು ಎಂದಿನಂತೆ ಹಿಡಿದು ಕೂತಿದ್ದಳು. ಫ್ರಿಡೊಲಿನ್ ಅಂಗಿಯ ತೋಳು ಮಡಚಿದ. ಸಲೋಮೆ ಟಾರ್ಟ್ ನೋಡಿಕೊಂಡು ಬರುವುದಾಗಿ ಹೇಳಿದಳು. ವಾಲ್ಬುರ್ಗಾ, ನಿಧಾನವಾಗಿ ನೋಡಿಕೋ ತಾಯಿ, ಅವಸರವೇನಿಲ್ಲ ಎಂದಳು.

ಕೆಳಗೆ ಮೊದಲು ಮೋಂಬತ್ತಿಯನ್ನು ಪೀಪಾಯಿಯೊಳಗೆ ಇಟ್ಟು ನೋಡಿದರು. ಉರಿ ನಂದಲಿಲ್ಲ, ಒಳಗಿನ ಗಾಳಿ ಸರಿಯಿತ್ತು. ಸಲೋಮೆ ನುಗ್ಗಿದಳು. ಕೆರೆದಳು, ಉಜ್ಜಿದಳು, ಅವನು ಕೊಟ್ಟ ಬಿಸಿನೀರಲ್ಲಿ ತೊಳೆದಳು. ಎಲ್ಲ ಮುಗಿದು, ಅವನು ಕಲ್ಲಿಗಾಗಿ ಬಾಗಿಲೊಳಗೆ ಕೈ ಚಾಚಿದಾಗ ಅವಳು ಮುದುರಿ ಕೂತು ಬೆನ್ನು ಒರಗಿಸಿಕೊಂಡಳು.

"ಕೊಡಲ್ಲ," ಎಂದಳು.

"ಏನು ಕೊಡಲ್ಲ?"

"ಕಲ್ಲೂ ಕೊಡಲ್ಲ, ಹಾಡೂ ಹಾಡಲ್ಲ, ಹೊರಗೂ ಬರಲ್ಲ. ಕೀಲಿಕೈ ಮಾರ್ಲೀಸ್‌ಗೆ ಅಂತ ಮೇಲೆ ಹೋಗಿ ಹೇಳು. ಆಮೇಲೆ ಬರ್ತೀನಿ."

ಫ್ರಿಡೊಲಿನ್ ಬಗ್ಗಿ ಒಳಗೆ ನೋಡಿದ. ಆ ಬಾಗಿಲಲ್ಲಿ ಈಗ ಅವನ ತಲೆ, ಒಂದು ತೋಳು ಹಿಡಿಸಿದರೆ ಹೆಚ್ಚು. ತಲೆ ಕೆಟ್ಟಿದೆಯಾ, ಜನ ಕಾಯುತ್ತಿದ್ದಾರೆ, ಚಳಿ ಹತ್ತುತ್ತದೆ ಎಂದು ಪಿಸುದನಿಯಲ್ಲೇ ಗದರಿದ. ಅವಳು ಇಲ್ಲಿ ತುಂಬ ಹಿತವಾಗಿದೆ ಎಂದಳು.

"ಬೇಕಾದ್ರೆ ನೀನೇ ಒಳಗೆ ಬಂದು ಎಳ್ಕೊಂಡು ಹೋಗು, ಫ್ರಿಡೊ."

ಅವನು ತೋಳು ತೂರಿಸಿ ತಡಕಾಡಿದ. ಅವಳು ಬ್ರಷ್ಷಿನಿಂದ ಬೆರಳಿಗೊಂದು ಮೆಲ್ಲಗೆ ಕೊಟ್ಟಳು. ಅವನು ದಾರಿ ಬದಲಿಸಿ, ಮೇಲೆ ಟಾರ್ಟ್ ಸೀಯುತ್ತಿದೆ, ವಾಸನೆ ಬರುತ್ತಿದೆ ಎಂದ. ಸೀಯಲಿ ಎಂದಳು. ಅದು ಮಾತ್ರ ಅವನನ್ನು ನಿಜಕ್ಕೂ ಹೆದರಿಸಿತು. ಇಷ್ಟು ವರ್ಷದ ಸಂಸಾರದಲ್ಲಿ ಸಲೋಮೆ ಒಂದು ರೊಟ್ಟಿಯನ್ನೂ ಸೀಯಲು ಬಿಟ್ಟವಳಲ್ಲ. ಪಕ್ಕದ ಬೇರೆ ಪೀಪಾಯಿಯಿಂದ ಒಂದಿಷ್ಟು ಕಲ್ಲು ಕೆರೆದುಕೊಳ್ಳುವುದೂ ಅವನಿಗೆ ಹೊಳೆಯಲಿಲ್ಲ. ಗಡ್ಡ ಒದ್ದೆ ಮಾಡಿಕೊಳ್ಳುವುದನ್ನು ಮಾತ್ರ ಮರೆಯದೆ ಮೆಟ್ಟಿಲು ಹತ್ತಿ ಹೋದ.

ಸಲೋಮೆ ಮೋಂಬತ್ತಿ ಹತ್ತಿರಕ್ಕೆ ಎಳೆದುಕೊಂಡಳು. ಕೀಲಿಕೈ ಮಗಳಿಗೆ ಹೋದರೆ ಮುಂದಿನ ವರ್ಷದಿಂದ ಈ ಜಾಗವೂ ಮಗಳದೇ ಎಂಬುದು ಅವಳಿಗೆ ಆಗ ಹೊಳೆಯಿತು. ಸುತ್ತ ಕೈಯಾಡಿಸಿ ನೋಡಿದಳು. ಸಂಕಟವಾಯಿತು. ಆದರೂ ಹುಡುಗಿ ಗಲ್ಲಿ ದಾಟಿ ಹೋಗುವುದಕ್ಕಿಂತ ಇದು ವಾಸಿ ಎಂದುಕೊಂಡಳು. ಗವಾಕ್ಷಿಯಿಂದ ಮೇಲಿನ ಮಾತು ಪಕ್ಕದಲ್ಲೇ ಆಡಿದಷ್ಟು ಚೆನ್ನಾಗಿ ಕೇಳುತ್ತಿತ್ತು.

ಫ್ರಿಡೊಲಿನ್ ಕೆಮ್ಮಿದ. ಈ ಸಲ ಹಾಡು ಇಲ್ಲ, ಗಂಟಲು ಕೂತುಹೋಗಿದೆ ಎಂದು ಗಂಟೆ ಬಾರಿಸಿದಂಥ ದನಿಯಲ್ಲಿ ಸಾರಿದ. ಗಂಟಲು ಕೂತರೆ ಇಷ್ಟು ಚೆನ್ನಾಗಿ ಮಾತು ಬರುತ್ತದೆಂದರೆ ನಮ್ಮದೂ ಕೂರಲಿ ಎಂದು ಮೊರಾಂದ್ ಹೇಳಿದ್ದು ಕೇಳಿತು. ವಾಲ್ಬುರ್ಗಾ ಕಲ್ಲೆಲ್ಲಿ ಎಂದಳು. ಕಲ್ಲು ಆಮೇಲೆ ಎಂದ ಫ್ರಿಡೊಲಿನ್. ಮೊರಾಂದ್, ಹಾಗಾದರೆ ಮಾರ್ಲೀಸ್‌ಳನ್ನು ಇಳಿಸು, ಅವಳೇ ಹಾಡಲಿ, ಅವಳೇ ಕಲ್ಲು ತರಲಿ ಎಂದ.

ಇಲ್ಲಿ ಫ್ರಿಡೊಲಿನ್ ಸುಮ್ಮನೆ ಹೂಂ ಎಂದುಬಿಟ್ಟಿದ್ದರೆ ಎಲ್ಲರ ಮಾನವೂ ಉಳಿಯುತ್ತಿತ್ತು. ಅವನು ಎದೆ ಉಬ್ಬಿಸಿದ್ದು ಕೆಳಗಿದ್ದವಳಿಗೂ ಗೊತ್ತಾಯಿತು.

"ನಾನಿರೋ ತನಕ ಬಾರ್ಬರಾಳೊಳಗೆ ಹೆಂಗಸು ಕಾಲಿಡಲ್ಲ. ಇಟ್ಟಿದ್ದೂ ಇಲ್ಲ, ಇಡೋದೂ ಇಲ್ಲ."

ಸಲೋಮೆ ಎದ್ದು ನಿಂತಳು. ಒಳಲಂಗ ಸರಿಮಾಡಿಕೊಂಡಳು. ಉಸಿರೆಳೆದುಕೊಂಡು, ಪೀಪಾಯಿ ಹಾಡನ್ನು ಮೊದಲ ಸಾಲಿಂದ ಶುರುಮಾಡಿದಳು. ಓಕ್ ಮರವೆಲ್ಲ ಝೇಂಕರಿಸಿತು. ಅಂಗಳದ ಮಧ್ಯೆ ಬಾಯಿ ತೆರೆದು ನಿಂತ ಗಂಡನನ್ನು ಅವಳು ಮನಸ್ಸಿನಲ್ಲೇ ಚೆನ್ನಾಗಿ ನೋಡಿಕೊಂಡು, ಒಂದು ಸಾಲೂ ಬಿಡದೆ ಕೊನೆಯವರೆಗೂ ಹಾಡಿದಳು. ಹಾಡು ನಿಂತಾಗ ಅಂಗಳದಿಂದ ಯಾವ ಸದ್ದೂ ಬರಲಿಲ್ಲ. ಆಗ ಅವಳಿಗೆ ಭಯವಾಯಿತು. ಇಷ್ಟು ವರ್ಷ ಕಾಪಾಡಿದ ಮಾನವನ್ನು ಒಂದು ಹಾಡಿನಲ್ಲಿ ಕಳೆದುಬಿಟ್ಟೆನಲ್ಲ ಎನಿಸಿತು.

ಮೊದಲು ಕೇಳಿದ್ದು ವಾಲ್ಬುರ್ಗಾಳ ದನಿ.

"ಮೂರನೇ ಸಾಲು ಈ ವರ್ಷಾನೂ ಎಳೆದಳು. ಹನ್ನೊಂದು ವರ್ಷದಿಂದ ಅದೇ ಜಾಗದಲ್ಲಿ ಎಳೀತಾಳೆ."

"ಎಳೀಲಿ ಬಿಡು," ಎಂದ ಮೊರಾಂದ್. "ಅವಳು ಇಳಿಯೋಕೆ ಶುರುಮಾಡಿದ ಮೇಲಲ್ವಾ ಈ ಮನೆ ವೈನ್ ಬಾಯಿಗಿಡೋ ಹಾಗಾಗಿದ್ದು."

ಆಮೇಲೆ ಅಂಗಳವೆಲ್ಲ ನಕ್ಕಿತು. ಗವಾಕ್ಷಿಯ ತುಂಬ ನಗು ಸುರಿಯಿತು. ಸಲೋಮೆ ಕತ್ತಲಲ್ಲಿ ಕೆಂಪಾದಳು. ವರ್ಷ ವರ್ಷವೂ ಒದ್ದೆ ಕೂದಲು ಮುಚ್ಚಲು ಕಟ್ಟಿದ ತಲೆವಸ್ತ್ರ, ಓವನ್ ನೋಡಲೆಂದು ಓಡಿದ್ದು, ಎಲ್ಲ ನೆನಪಾಯಿತು. ಟಾರ್ಟ್ ಕೊಡುವಾಗ ಅವಳ ಕಿವಿಯ ಹಿಂದೆ ವೈನ್‌ಕಲ್ಲಿನ ಪುಡಿ ಮಿನುಗುತ್ತಿತ್ತು ಎಂದು ಯಾರೋ ಹೇಳುತ್ತಿದ್ದರು. ಊರಿಗೆ ಊರೇ ಇಷ್ಟು ವರ್ಷ ಗಂಭೀರ ಮುಖ ಹಾಕಿಕೊಂಡು ಟಾರ್ಟ್ ತಿಂದು ಹೋಗಿತ್ತು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾಗದೆ ನಗು ಬಂತು.

ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಕೇಳಿದವು. ಫ್ರಿಡೊಲಿನ್ ಬಂದು ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತ.

"ಎಲ್ಲರಿಗೂ ಗೊತ್ತಿತ್ತಂತೆ," ಎಂದ.

"ಕೇಳಿಸ್ತು."

"ಹಾಗಾದ್ರೆ ನಾನು ಪಡಖಾನೆಯಲ್ಲಿ ಅರ್ಧ ಸಾಸೇಜ್ ಬಿಟ್ಟು ಬರ್ತಾ ಇದ್ದಿದ್ದು?"

ಆ ದನಿಯಲ್ಲಿದ್ದ ದುಃಖ ಕೇಳಿ ಸಲೋಮೆಗೆ ಅವನ ಮೇಲೆ ತುಂಬ ಪ್ರೀತಿ ಬಂತು. ಆದರೂ ಕೂತಲ್ಲಿಂದ ಕದಲಲಿಲ್ಲ. ಕೀಲಿಕೈ ಏನಾಯಿತು ಎಂದು ಕೇಳಿದಳು. ಮಾರ್ಲೀಸ್‌ಗೇ ಕೊಡುತ್ತೇನೆ, ಈಗಲೇ, ಎಲ್ಲರೆದುರಿಗೇ ಕೊಡುತ್ತೇನೆ, ಹೊರಗೆ ಬಾ, ಚಳಿ ಹತ್ತುತ್ತದೆ ಎಂದ. ಅವಳು ಬಂದಳು. ಅವನು ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ. ಅದು ಅವಳ ಕಣಕಾಲಿನವರೆಗೂ ಬಂತು.

ಅಡುಗೆಮನೆಯ ಮೆಟ್ಟಿಲ ಕಡೆ ತಿರುಗಿದವಳನ್ನು ಫ್ರಿಡೊಲಿನ್ ಮೊಣಕೈ ಹಿಡಿದು ಅಂಗಳದ ಮೆಟ್ಟಿಲ ಕಡೆಗೆ ನಡೆಸಿದ. ಬಿಚ್ಚಿದ ಒದ್ದೆ ಕೂದಲಲ್ಲಿ, ಕೈಯಲ್ಲಿ ಕಲ್ಲು ಹಿಡಿದು ಅವಳು ಮೇಲೆ ಬಂದಾಗ ಜನ ನಗು ನಿಲ್ಲಿಸಿದರು. ಗಂಡಸರು ಟೋಪಿ ತೆಗೆದರು, ಆ ದಿನ ಕಲ್ಲು ತಂದವರ ಎದುರು ತೆಗೆಯಬೇಕಾದ್ದೇ. ಫ್ರಿಡೊಲಿನ್ ಕತ್ತಿಗೆ ಹಾಕಿಕೊಂಡ ಚರ್ಮದ ದಾರವನ್ನು ಕೀಲಿಕೈ ಸಮೇತ ಬಿಚ್ಚಿ, ಮಗಳತ್ತ ಚಾಚಿ, ಇನ್ನು ಇದು ನಿನ್ನದು ಎಂದ.

ಮಾರ್ಲೀಸ್ ಕೈ ಹಿಂದೆ ಕಟ್ಟಿಕೊಂಡಳು.

"ನಂಗೆ ಹ್ಯಾಗೆ ಕೊಡ್ತೀಯಾ ಅಪ್ಪ? ಈಸ್ಟರ್ ಹೊತ್ತಿಗೇ ನೋಡಿದೀನಿ, ನಾನೂ ಆ ಬಾಗಿಲಲ್ಲಿ ಹಿಡಿಸಲ್ಲ. ಇದು ನಿನ್ನ ಮೈಕಟ್ಟೇ. ಇಳಿಯೋರಿಗೇ ಕೀಲಿಕೈ ಅಂದಿದ್ದು ಯಾರು?"

ಎಲ್ಲರೂ ಸಲೋಮೆಯತ್ತ ತಿರುಗಿದರು. ತನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಅವಳು ಹಿಂತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹನ್ನೊಂದು ವರ್ಷ ಪೀಪಾಯಿಯೊಳಗೆ ಇಳಿದಿದ್ದಳು. ಮೊದಲು ಗಂಡನ ಕೀಲಿಕೈ ಉಳಿಸಲು, ಈಗ ಮಗಳಿಗೆ ಕೊಡಿಸಲು. ಊರಿನ ಕಟ್ಟಳೆಯ ಪ್ರಕಾರ ಅದು ಮೊದಲ ವರ್ಷದಿಂದಲೂ ತನ್ನದು ಎಂಬ ಯೋಚನೆ ಒಂದು ಸಲವಾದರೂ ಅವಳಿಗೆ ಬಂದಿರಲಿಲ್ಲ. ತನ್ನ ಪೆದ್ದುತನಕ್ಕೆ ತನ್ನ ಮೇಲೇ ಕೋಪ ಬಂತು. ಫ್ರಿಡೊಲಿನ್ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ. ಅವನ ಗಡ್ಡ ಒದ್ದೆಯಾಗಿತ್ತು, ಈ ಸಲ ಅದಕ್ಕೆ ಬಕೆಟ್ಟಿನ ನೀರು ಮಾತ್ರ ಕಾರಣವಾಗಿರಲಿಲ್ಲ.

"ರೀಸ್ಲಿಂಗ್ ಇನ್ನೊಂದು ವಾರ ಬಳ್ಳಿಯಲ್ಲೇ ಇರಲಿ," ಎಂದಳು ಸಲೋಮೆ. "ಆ ಪೀಪಾಯಿ ಮಾರ್ಲೀಸ್‌ದು. ಮೊರಾಂದ್, ನಿನಗೆ ಬೇರೆ ಯಾರಾದ್ರೂ ಸಿಗ್ತಾರೆ."

ಮೊರಾಂದ್ ಲೋಟ ಎತ್ತಿ ಒಪ್ಪಿಕೊಂಡ. ಫ್ರಿಡೊಲಿನ್ ಏನೋ ಹೇಳಲು ಬಾಯಿ ತೆರೆದ. ವಾಲ್ಬುರ್ಗಾ ಅದರೊಳಗೆ ಸೀದ ಟಾರ್ಟಿನ ಒಂದು ತುಂಡು ಇಟ್ಟಳು. ಎಲ್ಲರೂ ಕರಿಯಾದ ಅಂಚು ಕೆರೆದುಕೊಂಡು, ಇದ್ದುದರಲ್ಲಿ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಾ ತಿಂದರು. ಫ್ರಿಡೊಲಿನ್ ಮೂರು ತುಂಡು ತಿಂದ, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು.

ಜನ ಹೋದ ಮೇಲೆ ನೆಲಮಾಳಿಗೆಗೆ ಬೀಗ ಹಾಕಲು ಸಲೋಮೆ ಒಬ್ಬಳೇ ಅಂಗಳದ ಬಾಗಿಲಿಗೆ ಹೋದಳು. ಕೀಲಿಕೈ ತೂರಿಸಿ ತಿರುಗಿಸಿದಳು, ತಿರುಗಲಿಲ್ಲ. ಇನ್ನೊಂದು ಕಡೆಗೆ ತಿರುಗಿಸಿದಳು, ಆಗಲೂ ಇಲ್ಲ. ಬಾರ್ಬರಾಳ ಒಳಮೈಯ ಒಂದೊಂದು ಗಂಟೂ ಕೈಗೆ ಗೊತ್ತಿದ್ದವಳು ಈ ಬೀಗವನ್ನು ಒಂದು ಸಲವೂ ಮುಟ್ಟಿರಲಿಲ್ಲ. ಫ್ರಿಡೊಲಿನ್ ಅವಳ ಬೆನ್ನ ಹಿಂದೆ ಬಂದು ನಿಂತದ್ದು ಆಮೇಲೆ ಗೊತ್ತಾಯಿತು. ಅವನು ಕೈ ಹಾಕಲಿಲ್ಲ.

"ಸ್ವಲ್ಪ ಮೇಲಕ್ಕೆತ್ತು. ಈಗ ಬಲಕ್ಕೆ," ಎಂದ.

ಬೀಗ ಬಿತ್ತು. ಅವಳು ಕೀಲಿಕೈಯನ್ನು ಕತ್ತಿಗೆ ಹಾಕಿಕೊಂಡಳು. ಅದು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು, ತಣ್ಣಗಿತ್ತು.

"ಮುಂದಿನ ವರ್ಷದಿಂದ ಟಾರ್ಟ್ ನೋಡ್ಕೊಳ್ಳೋದು ನೀನು," ಎಂದಳು. "ಸೀಯಿಸಿದ್ರೆ ಊರಿಗೆಲ್ಲ ಹೇಳ್ತೀನಿ."